ಖೋ ಬೀಳೂತನಕ ಏಳಬ್ಯಾಡ

ಶನಿವಾರ, ಮುಂಜಾನೆ ಸಾಲಿ. ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ನೀವು ಹತ್ತು ವರ್ಷದ ಹುಡುಗಿ. ಐದನೇತ್ತಾ, ಹೆಣ್ಣುಮಕ್ಕಳ ಸಾಲಿನಲ್ಲಿ ಕೊನೆಯಿಂದ ಎರಡನೆಯವಳು. ನಿಮ್ಮ ನಿಜವಾದ ವಯಸ್ಸು, ಮಂಡಿನೋವು, ಮೊಬೈಲು ಎಲ್ಲವನ್ನೂ ಕಾಂಪೌಂಡಿನ ಹೊರಗೆ ಬಿಟ್ಟು ಬನ್ನಿ. ಇನ್ನೊಂದು ತಾಸು ಈ ಸಣ್ಣ ಮೈ ನಿಮ್ಮದು. ಊರಿನ ಹೆಸರು ಕೇಳಬೇಡಿ. ರಬಕವಿ-ಬನಹಟ್ಟಿಯಿಂದ ಜಮಖಂಡಿ ಕಡೆಗೆ ಹೊರಟರೆ ಕಬ್ಬಿನ ನಡುವೆ ಸಿಗುವ ಯಾವ ಹಳ್ಳಿಯೂ ಆದೀತು. ಮುಧೋಳದ ಕಡೆಯದು, ಬೀಳಗಿಯ ಕಡೆಯದು ಅಂದುಕೊಂಡರೂ ಅಡ್ಡಿಯಿಲ್ಲ.

ಆಗಸ್ಟ್ ತಿಂಗಳು. ರಾತ್ರಿ ಒಂದು ಮಳೆ ಹೊಡೆದು ಹೋಗಿದೆ. ಮೈದಾನದ ಕೆಳಮೂಲೆಯಲ್ಲಿ ಎರಿಮಣ್ಣು ಇನ್ನೂ ಅಂಟುತ್ತಿದೆ, ಉಳಿದ ಕಡೆ ಗರಸು ಹಾಕಿ ತುಳಿಸಿದ್ದಾರೆ. ಅಡುಗೆ ಕೋಣೆಯಿಂದ ಹಾಲಿನ ಪುಡಿ ಕುದಿಯುವ ಸಿಹಿ ವಾಸನೆ. ಕಾಂಪೌಂಡಿನ ಆಚೆ ಪವರ್‌ಲೂಮು ಆಗಲೇ ಖಟಾಖಟ್ ಶುರುವಾಗಿದೆ. ಆ ಸದ್ದು ನಿಮಗೆ ಕೇಳಿಸುವುದೇ ಇಲ್ಲ, ಅದರೊಳಗೇ ಹುಟ್ಟಿದವರು ನೀವು. ಬೆಳಗ್ಗೆ ಎದ್ದು ಅವ್ವನ ಪಕ್ಕ ಕೂತು ಒಂದಿಷ್ಟು ಕಂಡಿಕೆ ಸುತ್ತಿಯೇ ಬಂದಿದ್ದೀರಿ. ಬಲಗೈ ತೋರುಬೆರಳಿನ ತುದಿಯಲ್ಲಿ ನೂಲು ಎಳೆದ ಗೆರೆ ಉರಿಯುತ್ತಿದೆ. ಹೊಟ್ಟೆಯಲ್ಲಿ ಅರ್ಧ ಕಪ್ ಚಹಾ, ಎರಡು ಖಾರಿ.

“ಸಾವಧಾನ್!”

ಹಿಮ್ಮಡಿ ಕೂಡುತ್ತವೆ. ಎದೆ ಮುಂದಕ್ಕೆ ಬರುತ್ತದೆ. ಮುಂದಿನವಳ ಜಡೆಯ ಕೆಂಪು ರಿಬ್ಬನ್ನಿನ ಮೇಲೆ ನೊಣ ಕೂತಿದೆ, ಆದರೆ ಕೈ ಎತ್ತುವಂತಿಲ್ಲ.

“ಏಕ್! ದೋ! ತೀನ್! ಚಾರ್!”

ಎರಡಕ್ಕೆ ಬಲಗೈ. ಎಲ್ಲರ ಬಲಗೈ ಮೇಲೆ ಹೋಗಿದೆ, ನಿಮ್ಮದು ಎಡಗೈ. ಯಾರೋ ಕಿಸಕ್ಕೆಂದರು. ಕಿವಿ ಬಿಸಿಯಾಗುತ್ತದೆ. ಕೈ ಬದಲಿಸುವಷ್ಟರಲ್ಲಿ ಲೆಕ್ಕ ಮೂರಕ್ಕೆ ಬಂದಿದೆ, ಈಗ ಎರಡೂ ತಪ್ಪು. ಈ ಗಾಬರಿ ನಿಮಗೆ ಗೊತ್ತಿದ್ದದ್ದೇ. ಕರಿಹಲಗೆಯ ಮುಂದೆ ನಿಂತು ಭಾಗಾಕಾರ ಮರೆತಾಗ ಆಗುವುದೂ ಇದೇ. ಅಲ್ಲಿ ತಪ್ಪು ಸುಣ್ಣದಕಡ್ಡಿಯಲ್ಲಿ ಬರೆದದ್ದು, ಒರೆಸಿದರೆ ಹೋಗುತ್ತದೆ. ಇಲ್ಲಿ ನಿಮ್ಮ ಮೈಯೇ ತಪ್ಪು ಮಾಡಿದೆ, ಇಡೀ ಸಾಲಿ ನೋಡುತ್ತಿದೆ.

ಬಿಸಿಲು ನೆತ್ತಿಗೆ ಹತ್ತುತ್ತಿದೆ. ಹದಿನಾರರ ಲೆಕ್ಕ ಮುಗಿಯಿತು, ಮತ್ತೆ ಮೊದಲಿಂದ. ಗಂಡುಹುಡುಗರ ಸಾಲಿನಲ್ಲಿ ನಾಲ್ಕನೆಯವನು ಯಾಕೋ ಸಣ್ಣಗೆ ತೂಗುತ್ತಿದ್ದಾನೆ. ಮುಂದಕ್ಕೆ. ಹಿಂದಕ್ಕೆ. ಅವನ ತುಟಿ ಬೆಳ್ಳಗಾಗಿದೆ. ಕೂಗಬೇಕು ಅನಿಸುತ್ತದೆ, ಆದರೆ ಸಾವಧಾನದಲ್ಲಿ ಕೂಗಬಹುದೋ ಇಲ್ಲವೋ ತಿಳಿಯದು. ಧಪ್! ಗರಸಿನ ಮೇಲೆ ಗಲ್ಲ ಊರಿ ಬಿದ್ದ. ಸಾಲು ಒಡೆಯಿತು. ಕೂಗು. ಧೂಳು. ಸರ್ ಓಡಿ ಬರುತ್ತಾರೆ, ಸೀಟಿ ಕೊರಳಲ್ಲಿ ಹಾರಾಡುತ್ತಿದೆ. “ಗಾಳಿ ಬಿಡ್ರಿ, ಹಿಂದ ಸರೀರಿ!” ಹುಡುಗನನ್ನು ಎತ್ತಿ ಬೇವಿನ ನೆರಳಿಗೆ ಒಯ್ದು ಮಲಗಿಸುತ್ತಾರೆ, ಅಂಗಿಯ ಗುಂಡಿ ಬಿಚ್ಚಿ ಎರಡೂ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ. ಒಂದು ಗಳಿಗೆ. ಇನ್ನೊಂದು. ಕಣ್ಣು ಬಿಟ್ಟ.

“ಏನ ತಿಂದ ಬಂದಿಯೋ ತಮ್ಮಾ?”

“ಏನಿಲ್ರಿ ಸರ.”

ಸರ್ ಮುಖ ಎತ್ತಿ ಸಾಲಿನ ಕಡೆ ನೋಡುತ್ತಾರೆ. ಇನ್ನೂ ಎರಡು ಸರತಿ ಕವಾಯತು ಬಾಕಿ ಇದೆ, ವರಾಂಡದಲ್ಲಿ ಮುಖ್ಯ ಗುರುಗಳು ನಿಂತಿದ್ದಾರೆ. “ಸಾಲು ಬಿಡ್ರಿ,” ಅನ್ನುತ್ತಾರೆ. “ಮೊದಲ ಹಾಲ ಕುಡೀರಿ. ಆಮ್ಯಾಲ ಆಡೂಣು.”

ಆ ನಿರ್ಧಾರ ಎಷ್ಟು ದೊಡ್ಡದು ಎಂದು ಹತ್ತು ವರ್ಷದ ನಿಮಗೆ ಗೊತ್ತಾಗದು, ನಾನೇ ಹೇಳಿಬಿಡುತ್ತೇನೆ. ಈ ಏಕ್ ದೋ ತೀನ್ ಪಡೆಗಳ ಕವಾಯತಿನಿಂದ ಸಾಲಿಗೆ ಇಳಿದು ಬಂದದ್ದು. ಸಿಪಾಯಿಗೆ ಬೇಕಾದದ್ದು ಮಗುವಿಗೂ ಸಾಕು ಎಂದು ನಂಬಿದ್ದ ಕಾಲ ಅದು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆ ಆರಂಭಿಸಿದ ಮೇಲೆ ಆಟವೂ ಪಾಠವೇ ಎನ್ನುವ ವಿಚಾರ ನಮ್ಮ ಕಡೆ ಬೇರು ಬಿಡತೊಡಗಿತು. ನೂರು ವರ್ಷ ದಾಟಿದರೂ ಶನಿವಾರದ ಮುಂಜಾನೆ ಎಷ್ಟೋ ಮೈದಾನಗಳಲ್ಲಿ ಮಕ್ಕಳು ನೆಟ್ಟಗೆ ನಿಲ್ಲುವುದನ್ನೇ ಕಲಿಯುತ್ತಿದ್ದಾರೆ. ನೆಟ್ಟಗೆ ನಿಲ್ಲುವುದು ಬೇಡವೆನ್ನಲಾರೆ. ಲೇಜೀಮಿನ ಝಣಝಣ ಕೂಡಿದರೆ ಅದು ಕುಣಿತವೂ ಆದೀತು. ಆದರೆ ಬರಿಹೊಟ್ಟೆಯ ಮೈಗೆ ಶಿಸ್ತು ಕಲಿಸುವುದು ಪಾಠವಲ್ಲ, ದಂಡನೆ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಈ ಮೈದಾನದ ಮಟ್ಟಿಗೆ ದೈಹಿಕ ಶಿಕ್ಷಣದ ಮೊದಲ ಪಾಠ ಎಂದೇ ನನ್ನ ಲೆಕ್ಕ.

ನಿಮ್ಮ ಸ್ಟೀಲ್ ಲೋಟ ಬಿಸಿಯಾಗಿದೆ. ಊದಿ ಊದಿ ಕುಡಿಯಿರಿ. ಮೇಲ್ತುಟಿಯ ಮೇಲೆ ಕೆನೆ ಅಂಟಿದೆ.

ಅಷ್ಟರಲ್ಲಿ ಏಳನೇತ್ತಾದ ಹುಡುಗರು ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದಾರೆ. ಎರಡು ಕಂಬ, ನಡುವೆ ಎಂಟು ಚೌಕ. ಖೋಖೋ. ನಿಮ್ಮ ಕಾಲು ತಾವಾಗಿಯೇ ಬೇವಿನ ಮರದ ಕಡೆ ಹೊರಡುತ್ತವೆ. ಅಲ್ಲಿ ನಿಮಗೊಂದು ಕೆಲಸವಿದೆ: ಆಡುವವರ ಚಪ್ಪಲಿ ಕಾಯುವುದು. ಆಡುವವರು ಯಾವಾಗಲೂ ಅದೇ ಹನ್ನೆರಡು ಮಂದಿ, ಉದ್ದ ಕಾಲಿನವರು, ವಲಯ ಮಟ್ಟಕ್ಕೆ ಹೋಗಿ ಬಂದವರು. ಉಳಿದವರು ಚಪ್ಪಾಳೆ ಹೊಡೆಯುವವರು. ಒಂದನೇತ್ತಾದಿಂದ ನೀವು ಇಲ್ಲೇ ಕೂತಿದ್ದೀರಿ, ಯಾರೂ ನಿಮ್ಮನ್ನು ತಡೆದಿಲ್ಲ, ಯಾರೂ ಕರೆದೂ ಇಲ್ಲ.

“ಏ ತಂಗಿ. ನೀ ಬಾ.”

ಹಿಂದೆ ತಿರುಗಿ ನೋಡುತ್ತೀರಿ. ಹಿಂದೆ ಗೋಡೆ.

“ನಿನಗ ಹೇಳಾಕತ್ತೇನಿ.”

“ನಾ ಒಲ್ಲೆರಿ ಸರ.”

ಯಾಕೆ ಒಲ್ಲೆ? ಹೊಟ್ಟೆಯೊಳಗೆ ಹಾಲು ಕದಡುತ್ತದೆ. ಅಜ್ಜಿಯ ದನಿ ಕಿವಿಯಲ್ಲಿದೆ: ಹೆಣ್ಣುಹುಡುಗಿ ಹಿಂಗ ಲಂಗ ಎತ್ತಿ ಓಡತಾರೇನ? ಹೋದ ವರ್ಷ ಬಾವಿಯ ಕಡೆ ಓಡಿದ್ದಕ್ಕೆ ಅಂದ ಮಾತು, ಮೈಗೆ ಅಂಟಿಕೊಂಡು ಉಳಿದಿದೆ.

ಒಂದು ಕ್ಷಣ ಈ ಹುಡುಗಿಯನ್ನು ಅಲ್ಲೇ ನಿಲ್ಲಿಸಿ ಊರ ಕಡೆ ನೋಡಿ. ಈ ನಾಡಿಗೆ ಮೈಯ ಬೆಲೆ ಗೊತ್ತಿಲ್ಲ ಎನ್ನುವಂತಿಲ್ಲ. ರನ್ನನ ಮುದುವೊಳಲು ಎಂದರೆ ಈ ಮುಧೋಳವೇ. ಭೀಮ ದುರ್ಯೋಧನರ ಗದೆಯ ಕಾಳಗವನ್ನು ಕಾವ್ಯ ಮಾಡಿದವನ ನೆಲ. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯ ಕಡೆ ಕುಸ್ತಿ ಅಂದರೆ ಇವತ್ತಿಗೂ ಜನ ಕಿವಿ ನಿಮಿರಿಸುತ್ತಾರೆ. ಜಾತ್ರೆ ಬಂತೆಂದರೆ ಜಂಗೀ ನಿಕಾಲಿ ಕುಸ್ತಿ, ಸಂಗ್ರಾಣಿ ಕಲ್ಲು, ಚೀಲ ಎತ್ತುವುದು, ಎತ್ತುಗಳಿಗೆ ತೆರಬಂಡಿ. ಗರಡಿಮನೆಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವವರು ಇದ್ದಾರೆ. ಆದರೆ ಆ ಮಣ್ಣು ಗಂಡಸರದು. ಹತ್ತು ವರ್ಷದ ಹುಡುಗಿಗೆ ಈ ಊರಲ್ಲಿ ನಾಲ್ಕು ಜನರ ಕಣ್ಣೆದುರು ಎದೆ ತುಂಬ ಉಸಿರೆಳೆದು ಓಡಲು ಜಾಗ ಎಲ್ಲಿದೆ? ಮನೆಯಲ್ಲಿ ಮಗ್ಗ, ಹೊಲದಲ್ಲಿ ಕಬ್ಬು, ಓಣಿಯಲ್ಲಿ ಮಂದಿ. ಉಳಿದದ್ದು ಈ ಗರಸಿನ ಮೈದಾನ, ಅದೂ ವಾರದಲ್ಲಿ ಕೆಲವೇ ಪಿರಿಯಡ್. ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಎಲುಬು, ಸ್ನಾಯು, ಹಸಿವು, ನಿದ್ದೆ ಎಲ್ಲ ಆಮೇಲಿನ ಮಾತು.

ಬನ್ನಿ, ಅವಳು ಕಾಯುತ್ತಿದ್ದಾಳೆ. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ. ಚಪ್ಪಲಿ ಬಿಡಿ. ಸರಕಾರ ಕೊಟ್ಟ ಕಪ್ಪು ಬೂಟು ಮನೆಯಲ್ಲೇ ಇದೆ, ಕೆಟ್ಟೀತೆಂದು ಅವ್ವ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಬರಿಗಾಲಿಗೆ ಗರಸು ಚುಚ್ಚುತ್ತದೆ, ಆಮೇಲೆ ಚುಚ್ಚುವುದು ಮರೆಯುತ್ತದೆ. ನಿಮ್ಮದು ಆರನೆಯ ಚೌಕ. ಮುಂಗಾಲ ಮೇಲೆ ಕೂತು ಎರಡೂ ಅಂಗೈ ನೆಲಕ್ಕೆ ಊರಿ. ಎಡಕ್ಕೆ ಕೂತವಳು ಮುಖ ಆಚೆ ಮಾಡಿದ್ದಾಳೆ, ಬಲಕ್ಕೆ ಕೂತವಳೂ ಆಚೆಯೇ. ನಿಮ್ಮ ಮುಖ ಮಾತ್ರ ಈಚೆ. ಬೆನ್ನ ಹಿಂದೆ ಆಗುವುದು ಏನೂ ಕಾಣದು, ಕೇಳುತ್ತದೆ ಅಷ್ಟೇ: ಪಾದದ ಧಡಧಡ, ಏದುಸಿರು, ಗಕ್ಕನೆ ತಿರುಗಿದಾಗ ಗರಸು ಚರ್ರೆನ್ನುವುದು.

“ಖೋ ಬೀಳೂತನಕ ಏಳಬ್ಯಾಡ,” ಸರ್ ಹೇಳಿದ್ದಾರೆ. “ಬಿದ್ದ ಮ್ಯಾಲ ಕೂಡಬ್ಯಾಡ.”

ಧಡಧಡ ಹತ್ತಿರ ಬಂತು. ಬೆನ್ನಿನ ರೋಮ ನಿಮಿರುತ್ತದೆ. ಈಗ. ಈಗ ಬೀಳುತ್ತದೆ. ಎದ್ದೇ ಬಿಟ್ಟಿರಿ. ಸೀಟಿ! ಫೌಲ್. ಖೋ ಇನ್ನೂ ಪಕ್ಕದವಳ ಎದುರಿಗೇ ಇತ್ತು. ಬೇವಿನ ಮರದಡಿ ನಗು. ಕಣ್ಣು ಉರಿಯುತ್ತದೆ, ಎದ್ದು ಹೋಗಿಬಿಡಲೇ? ಚಪ್ಪಲಿ ಕಾಯುವ ಜಾಗ ಇಪ್ಪತ್ತು ಹೆಜ್ಜೆ ದೂರದಲ್ಲಿದೆ. ಯಾರೂ ಬೈಯುವುದಿಲ್ಲ, ಮತ್ತೆ ಯಾರೂ ಕರೆಯುವುದೂ ಇಲ್ಲ.

ಕೂಡುತ್ತೀರಿ. ಅಂಗೈ ಮತ್ತೆ ನೆಲಕ್ಕೆ.

ಈ ಕೂಡುವುದನ್ನು ಯಾವ ಪುಸ್ತಕವೂ ನಿಮಗೆ ಕಲಿಸಿರಲಿಲ್ಲ. ಇಡೀ ಮೈ ಏಳೆನ್ನುತ್ತಿರುವಾಗ ತಡೆದು ಕೂಡುವುದು. ಕಾಣದ್ದನ್ನು ಕಿವಿಯಿಂದ ಅಳೆಯುವುದು. ಹತ್ತಿರದ ಸದ್ದು ಯಾವುದು, ದೂರದ್ದು ಯಾವುದು, ನಿಮ್ಮ ಗೆಳತಿಯ ಉಸಿರು ಯಾವುದು.

“ಖೋ!”

ಬೆನ್ನಿಗೆ ಅಂಗೈ ಬಡಿಯಿತು. ಎದ್ದಿರಿ. ಎಡಕ್ಕೋ ಬಲಕ್ಕೋ? ಒಮ್ಮೆ ಮುಖ ತಿರುಗಿತೆಂದರೆ ಆಯಿತು, ಕಂಬ ತಲುಪುವ ತನಕ ಹಿಂದಿರುಗುವಂತಿಲ್ಲ. ನಡುಗೆರೆ ದಾಟುವಂತಿಲ್ಲ. ಓಡುವವಳಿಗೆ ಈ ಕಟ್ಟುಪಾಡು ಯಾವುದೂ ಇಲ್ಲ, ಅವಳು ಎಲ್ಲಿ ಬೇಕಾದರೂ ನುಸುಳಬಹುದು. ಏಳನೇತ್ತಾದ ಉದ್ದನೆಯ ಹುಡುಗಿ ಎದುರಿಗೇ ನಿಂತು ನಗುತ್ತಿದ್ದಾಳೆ. ಬಲಕ್ಕೆ! ಓಡುತ್ತೀರಿ. ಇಷ್ಟು ಜೋರಾಗಿ ನೀವು ಎಂದೂ ಓಡಿಲ್ಲ. ಗಾಳಿ ಬಾಯೊಳಗೆ ನುಗ್ಗುತ್ತಿದೆ, ಪಕ್ಕೆಯಲ್ಲಿ ಸೂಜಿ ಆಡುತ್ತಿದೆ, ಅವಳ ಜಡೆ ಒಂದು ಗೇಣು ಮುಂದೆ. ಅರ್ಧ ಗೇಣು. ಕೈ ಚಾಚಿದಿರಿ. ಅವಳು ಬಾಗಿದಳು, ಕೂತವರಿಬ್ಬರ ನಡುವಿಂದ ಆಚೆಗೆ ಜಾರಿದಳು. ನಿಮ್ಮ ಕೈಗೆ ಗಾಳಿ ಸಿಕ್ಕಿತು, ಕಾಲಿಗೆ ಕಲ್ಲು ಸಿಕ್ಕಿತು, ನೆಲ ಎದ್ದು ಬಂತು.

ಬಿದ್ದಿರಿ.

ಮೊದಲು ನೋವಿಲ್ಲ. ಬಾಯಲ್ಲಿ ಮಣ್ಣಿನ ರುಚಿ, ಉಪ್ಪು. ಬಲಮಂಡಿ ತಣ್ಣಗಾಯಿತು, ಆಮೇಲೆ ಬೆಂಕಿ ಹೊತ್ತಿತು. ನೋಡುತ್ತೀರಿ: ಬಿಳಿ ಚರ್ಮ ಸುಲಿದಿದೆ, ಸಣ್ಣ ಸಣ್ಣ ಕೆಂಪು ಹನಿ ಏಳುತ್ತಿವೆ. ಅಳು ಗಂಟಲಿಗೆ ಬಂದು ನಿಂತಿದೆ. ಕಣ್ಣೆದುರು, ಒಂದು ಮೊಳ ದೂರದಲ್ಲಿ, ನಿಮ್ಮ ತಂಡದ ಗೆಳತಿಯ ಬೆನ್ನು. ಅವಳಿಗೆ ನೀವು ಕಾಣುತ್ತಿಲ್ಲ. ಉದ್ದನೆಯ ಹುಡುಗಿ ಅವಳ ಎದುರಲ್ಲೇ, ಗೆರೆಯ ಆಚೆ, ತಪ್ಪಿಸಿಕೊಂಡ ಖುಷಿಯಲ್ಲಿ ನಿಧಾನ ಮಾಡಿದ್ದಾಳೆ. ಅಳಬಹುದು. ಅಥವಾ ಮೊಳಕಾಲ ಮೇಲೆ ಒಂದು ಮೊಳ ಹೋಗಬಹುದು. ಎರಡಕ್ಕೂ ಸಮಯವಿಲ್ಲ.

ತೆವಳುತ್ತೀರಿ. ಮಣ್ಣಾದ ಅಂಗೈ ಎತ್ತಿ ಆ ಬೆನ್ನಿಗೆ ಬಡಿಯುತ್ತೀರಿ. “ಖೋ!” ನಿಮ್ಮ ದನಿ ನಿಮಗೇ ಹೊಸದು, ಒಡೆದು ಬಂದದ್ದು. ಗೆಳತಿ ಎದ್ದಳು, ಎರಡು ಹೆಜ್ಜೆ, ಕೈ ಚಾಚಿದಳು. ಸೀಟಿ. ಔಟ್!

ಔಟ್ ಅವಳ ಲೆಕ್ಕಕ್ಕೆ ಹೋಗುತ್ತದೆ. ಚಪ್ಪಾಳೆಯೂ ಅವಳಿಗೇ. ಆದರೆ ಅವಳು ತಿರುಗಿ ನಿಮ್ಮನ್ನು ನೋಡಿ ಹಲ್ಲು ಬಿಟ್ಟಿದ್ದಾಳೆ.

ಈಗ ಆ ಮೈ ಬಿಟ್ಟು ಹೊರಗೆ ಬನ್ನಿ. ಮೆಲ್ಲಗೆ, ಮಂಡಿ ನೋಯುತ್ತದೆ. ನಿಮ್ಮನ್ನು ಇನ್ನೊಬ್ಬರೊಳಗೆ ಕೂರಿಸುವುದಿದೆ: ಸೀಟಿ ಕೊರಳಲ್ಲಿರುವ ಸರ್. ವಯಸ್ಸು ನಲವತ್ತೆರಡು, ಸೊಂಟನೋವು. ನೀವು ದೈಹಿಕ ಶಿಕ್ಷಣದ ಶಿಕ್ಷಕರಲ್ಲ. ಈ ಸಾಲಿಗೆ ಆ ಹುದ್ದೆಯೇ ಇಲ್ಲ. ನೀವು ಗಣಿತ ಹೇಳುವವರು, ಸೀಟಿ ನಿಮ್ಮ ದುಡ್ಡಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು ಎನ್ನುತ್ತದೆ. ಆಡಿಸುವವರ ಮಾತು ಬಂದಾಗ ಮಾತ್ರ ಕೈ ಬಿಗಿ ಹಿಡಿಯುತ್ತದೆ: 6ರಿಂದ 8ನೇ ತರಗತಿಗೆ, ಅದೂ ಮಕ್ಕಳು 100ಕ್ಕಿಂತ ಹೆಚ್ಚಿದ್ದರೆ, ಅರೆಕಾಲಿಕ ಬೋಧಕರು. ಓಡು, ಜಿಗಿ, ಎಸೆ, ಹಿಡಿ, ಸಮತೋಲ ಕಾಯ್ದುಕೋ ಎನ್ನುವ ಬುನಾದಿ ಬೀಳುವುದು ಒಂದರಿಂದ ಐದನೆಯ ತರಗತಿಯ ನಡುವೆ. ಅಲ್ಲಿಗೆ ಕಾಯ್ದೆ ಯಾರನ್ನೂ ಕಳಿಸಿಲ್ಲ. ಬುನಾದಿ ಬಿಟ್ಟು ಮಾಳಿಗೆಗೆ ಮೇಸ್ತ್ರಿ ನೇಮಿಸಿದ ಲೆಕ್ಕ.

ಹುಡುಗಿಯ ಮಂಡಿಯನ್ನು ನೀರಿನಿಂದ ತೊಳೆಯುತ್ತೀರಿ. ಗರಸಿನ ಕಾಳು ಒಂದೊಂದಾಗಿ ಬರುತ್ತವೆ. ಅವಳು ಹಲ್ಲು ಕಚ್ಚಿ ನಿಮ್ಮ ಭುಜ ಹಿಡಿದಿದ್ದಾಳೆ. ನಿಮ್ಮ ಎದೆ ಢವಗುಟ್ಟುತ್ತಿದೆ. ಸಂಜೆ ಇವಳ ಅಪ್ಪ ಬಂದರೆ? ಮಗಳ ಮೈಮ್ಯಾಲ ಕಲೆ ಉಳಿದ್ರ ನಾಳೆ ಯಾರ ಮಾಡ್ಕೊಂತಾರ್ರಿ ಸರ ಎಂದು ಕೇಳಿದರೆ? ಇಂಥ ಒಂದು ಮಾತಿಗೆ ಹೆದರಿ ಖೋಖೋ ನಿಲ್ಲಿಸಿ ಕೇರಂ ಬೋರ್ಡ್ ಹೊರತೆಗೆದ ಶಿಕ್ಷಕರು ಇದ್ದಾರೆ. ಅವರನ್ನು ಬೈಯುವುದು ಸುಲಭ, ಆ ಮಾತಿನ ಮುಂದೆ ಒಬ್ಬಂಟಿಯಾಗಿ ನಿಲ್ಲುವುದು ಸುಲಭವಲ್ಲ.

ವರಾಂಡದಿಂದ ಮುಖ್ಯ ಗುರುಗಳು ಕರೆಯುತ್ತಾರೆ. “ಸರ, ಐದನೇತ್ತಾದ ಗಣಿತ ಹಿಂದ ಬಿದ್ದೈತಿ. ಸೋಮವಾರದ ಆಟದ ಪಿರಿಯಡ್‌ನ್ಯಾಗ ಅದನ್ನ ಮುಗಿಸ್ರಿ.” ಮಾತು ಮೆತ್ತಗಿದೆ, ಕಾರಣ ಸರಿಯಾಗಿದೆ, ಭಾಗಾಕಾರ ನಿಜವಾಗಿಯೂ ಹಿಂದೆ ಬಿದ್ದಿದೆ. ಆಟದ ಪಿರಿಯಡ್ ಯಾವಾಗಲೂ ಹೀಗೆಯೇ ಹೋಗುವುದು, ಜಗಳವಿಲ್ಲದೆ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳ ಮೈ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ದಣಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅರವತ್ತು ನಿಮಿಷವನ್ನು ಭಾಗಿಸಿ ಭಾಗಿಸಿ ಶೇಷ ಸೊನ್ನೆಗೆ ತಂದಿರುವುದು ನಾವೇ.

ಓಟದ ಬೆಲೆ ಈ ಭಾಗಕ್ಕೆ ಗೊತ್ತಿಲ್ಲದ್ದೇನಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮುಧೋಳ ನಾಯಿಯನ್ನು ಓಡಿಸದೆ ಕಟ್ಟಿ ಸಾಕಬಾರದು ಎನ್ನುವುದು ಈ ಭಾಗದಲ್ಲಿ ನಾಯಿ ಸಾಕಿದವರಿಗೆಲ್ಲ ಗೊತ್ತು. ಅವರ ಮನೆಯ ಮಕ್ಕಳು ಟ್ಯೂಷನ್ನಿನಲ್ಲಿ ಕೂತಿರುತ್ತಾರೆ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರ ಕಷ್ಟ ಬೇರೆ. ಹಳೇ ಊರಿನಲ್ಲಿ ಹೊಳೆ ಇತ್ತು, ಗಿಡ ಇತ್ತು. ಈಜು, ಮರಕೋತಿ ಯಾರೂ ಕಲಿಸದೆ ಬರುತ್ತಿದ್ದವು. ಹೊಳೆ ಹೋದ ಮೇಲೆ ಅದನ್ನೂ ಸಾಲಿಯೇ ತುಂಬಿಕೊಡಬೇಕಾಗಿದೆ.

ಮೇಜಿನ ಮೇಲೆ ಇನ್ನೊಂದು ಕಾಗದ ಇದೆ: ವಲಯ ಮಟ್ಟದ ಕ್ರೀಡಾಕೂಟಕ್ಕೆ ಹನ್ನೆರಡು ಹೆಸರು. ಪೆನ್ನಿನ ಮುಚ್ಚಳ ತೆಗೆಯುತ್ತೀರಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ್ದನ್ನು ಮೊಬೈಲಿನಲ್ಲಿ ಇದೇ ಮಕ್ಕಳಿಗೆ ತೋರಿಸಿದ್ದಿರಿ. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿಯ ಹುಡುಗಿ, ಹಳ್ಳಿಯ ಮೈದಾನ. ಅಂಥವಳೊಬ್ಬಳು ಇಲ್ಲಿಂದಲೂ ಎದ್ದಾಳು ಎಂಬ ಆಸೆ ನಿಮಗಿದೆ, ತಪ್ಪೇನಿಲ್ಲ. ಉದ್ದನೆಯ ಹುಡುಗಿಯ ಹೆಸರು ಮೊದಲು ಬರೆಯುತ್ತೀರಿ. ಹನ್ನೊಂದು ಹೆಸರು ಸರಾಗ ಬಂದವು. ಹನ್ನೆರಡನೆಯದಕ್ಕೆ ಪೆನ್ನು ನಿಂತಿತು. ಮಂಡಿ ತೊಳೆಸಿಕೊಂಡವಳ ಹೆಸರು ಬರೆಯಲು ಮನಸ್ಸು ತುಡಿಯುತ್ತದೆ. ಬರೆಯುವುದಿಲ್ಲ. ಅವಳಿಗಿಂತ ಚೆನ್ನಾಗಿ ಆಡುವವಳು ಇದ್ದಾಳೆ, ಅವಳಿಗೆ ಅನ್ಯಾಯ ಮಾಡುವಂತಿಲ್ಲ. ಕೂಟಕ್ಕೆ ಗೆಲ್ಲುವವರು ಹೋಗಲಿ.

ಆದರೆ ಸೋಮವಾರದ ಪಿರಿಯಡ್ ಕೂಟವಲ್ಲ. ಮುಖ್ಯ ಗುರುಗಳ ಕೋಣೆಗೆ ಹೋಗುತ್ತೀರಿ. ಗಂಟಲು ಒಣಗಿದೆ, ಅವರು ಹಿರಿಯರು, ಒಳ್ಳೆಯವರು. “ಸರ, ಗಣಿತ ಊಟದ ಮೊದಲ ಅರ್ಧ ತಾಸ ಜಾಸ್ತಿ ತಗೊಂತೇನ್ರಿ. ಆಟದ ಪಿರಿಯಡ್ ಮುಟ್ಟೂದ ಬ್ಯಾಡ್ರಿ.” ಅವರು ಕನ್ನಡಕದ ಮೇಲಿಂದ ನೋಡುತ್ತಾರೆ, ಪವರ್‌ಲೂಮಿನ ಸದ್ದು ಇಬ್ಬರ ನಡುವೆ ತುಂಬಿಕೊಳ್ಳುತ್ತದೆ. “ಯಾರನ್ನ ಆಡಸ್ತೀರಿ? ಟೀಮು ಆರಿಸಿ ಆತಲ್ಲ?”

“ಉಳದವರನ್ನರಿ.”

ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಣದ ಗುರಿ ಏನು ಎಂದು ಕೇಳಿದರೆ ಸೌಷ್ಠವ, ಸಾಮರಸ್ಯ, ಸರ್ವಾಂಗೀಣ ವಿಕಾಸ ಎಂದು ಪಟ್ಟಿ ಒಪ್ಪಿಸುವವರು ಬೇಕಾದಷ್ಟಿದ್ದಾರೆ. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ನನ್ನ ಮಟ್ಟಿಗೆ ಅದರ ಪರೀಕ್ಷೆ ಬೇವಿನ ಮರದ ಕೆಳಗೆ ನಡೆಯುತ್ತದೆ: ಅಲ್ಲಿ ಎಷ್ಟು ಮಕ್ಕಳು ಕೂತಿದ್ದಾರೆ ಎನ್ನುವುದರಲ್ಲಿ. ಪದಕ ತಂದ ಸಾಲಿಯೂ ಈ ಪರೀಕ್ಷೆಯಲ್ಲಿ ನಪಾಸಾಗಬಹುದು.

ನೀವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಾದರೆ, ನಿಮ್ಮ ಮಗುವೋ ಮೊಮ್ಮಗುವೋ ಸರಕಾರಿ ಸಾಲಿಗೆ ಹೋಗುತ್ತಿದ್ದರೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಹೋಗಿ. ಬಿಸಿಯೂಟ, ಕೊಠಡಿ, ಶೌಚಾಲಯದ ಮಾತೆಲ್ಲ ಮುಗಿದ ಮೇಲೆ ಎದ್ದು ಎರಡು ಪ್ರಶ್ನೆ ಕೇಳಿ: ವೇಳಾಪಟ್ಟಿಯಲ್ಲಿರುವ ಆಟದ ಪಿರಿಯಡ್ ಈ ತಿಂಗಳು ಎಷ್ಟು ಸಲ ನಡೆಯಿತು? ಅವತ್ತು ಆಡದೆ ಕೂತವರು ಯಾರು ಯಾರು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ ಬನ್ನಿ.